ಕುತ್ತಿಗೆ ಗಂಟಿಗೆ ಸೂಜಿ: ಅನುಮಾನ ಹುಟ್ಟಿದ್ದೆಲ್ಲಿ, ಉಳಿದದ್ದೇಕೆ?

ಕೋಲಾರದ ಕಡೆ ಕುತ್ತಿಗೆಯಲ್ಲಿ ಗಂಟು ಕಂಡರೆ ಮನೆಯವರು ಹೇಳುವ ಮಾತು: ‘ಸೂಜಿ ಚುಚ್ಚಿಸ್ಬೇಡ, ಹಬ್ಬುತ್ತೆ.’ ಆಸ್ಪತ್ರೆಯಲ್ಲಿ ಮೊದಲು ಬರೆದುಕೊಡುವುದೂ ಅದೇ ಸೂಜಿ ಪರೀಕ್ಷೆ, ಗಂಟಿನ ಜೀವಕೋಶಗಳನ್ನು ತೆಳು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಎಫ್‌ಎನ್‌ಎಸಿ. ವರದಿಯಲ್ಲಿ ‘ಮಾದರಿ ಸಾಲದು’ ಎಂದು ಬಂದರಂತೂ ಮನೆಯವರ ಮಾತೇ ಗೆದ್ದಂತೆ.

1930ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಹೇಯ್ಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲ್ಲಿಸ್ ಈ ವಿಧಾನವನ್ನು ಪ್ರಕಟಿಸಿದಾಗ ಬಳಸಿದ್ದು 18 ಗೇಜ್‌ನ ದಪ್ಪ ಸೂಜಿ. ಚುಚ್ಚಿದರೆ ಕ್ಯಾನ್ಸರ್ ಹಬ್ಬುವ ಭಯ ಆ ಕಾಲದ್ದು. 1950-60ರ ದಶಕಗಳಲ್ಲಿ ಸ್ವೀಡನ್ನಿನ ವೈದ್ಯರು ತೆಳು ಸೂಜಿಯನ್ನು ರೂಢಿಗೆ ತಂದರು. ಈಗಿನದು 22ರಿಂದ 25 ಗೇಜ್ (ಗೇಜ್ ಹೆಚ್ಚಿದಷ್ಟೂ ಸೂಜಿ ತೆಳು). ಅದು ಹೋದ ದಾರಿಯಲ್ಲಿ ಕ್ಯಾನ್ಸರ್ ಬೆಳೆಯುವುದು ತೀರಾ ಅಪರೂಪ. ಸೂಜಿ ತೆಳುವಾಯಿತು, ಭಯ ಮಾತ್ರ ಹಾಗೇ ಉಳಿಯಿತು.

ಅದನ್ನು ಜೀವಂತ ಇಟ್ಟಿರುವುದು ಸ್ಲೈಡು, ಅಂದರೆ ಜೀವಕೋಶ ಸವರುವ ಗಾಜಿನ ಪಟ್ಟಿ, ಎನ್ನಬೇಕು: ಅದು ಕೆಟ್ಟರೆ ವರದಿ ‘ಸಾಲದು’ ಎನ್ನುತ್ತದೆ. ಗಂಟನ್ನು ಎರಡು ಬೆರಳ ನಡುವೆ ಅಲುಗದಂತೆ ಹಿಡಿದು, 10 ಎಂಎಲ್ ಸಿರಿಂಜಿನ ಸೂಜಿ ಒಳಗೆ ಹೋದ ಮೇಲಷ್ಟೇ ಪಿಸ್ಟನ್ ಎಳೆಯಬೇಕು. ಎಳೆತ ಬಿಡದೆ ಸೂಜಿಯನ್ನು ಹಿಂದೆ ಮುಂದೆ ಆಡಿಸಿ, ಹೊರತೆಗೆಯುವ ಮುನ್ನ ಪಿಸ್ಟನ್ ಬಿಡಬೇಕು. ಮರೆತರೆ ಸಿಕ್ಕಿದ್ದೆಲ್ಲ ಸಿರಿಂಜಿಗೆ ನುಗ್ಗಿ ಗೋಡೆಗೆ ಅಂಟಿಕೊಳ್ಳುತ್ತದೆ, ಸ್ಲೈಡಿಗೆ ಬರುವುದಿಲ್ಲ. ಥೈರಾಯ್ಡಿನಲ್ಲಿ ರಕ್ತ ಜಾಸ್ತಿ. ಅಲ್ಲಿ ಪಿಸ್ಟನ್ ಎಳೆಯದೆ ಬರೀ ಸೂಜಿ ಆಡಿಸಿದರೂ ಜೀವಕೋಶಗಳು ತಾವಾಗಿ ಅದರೊಳಗೆ ಏರುತ್ತವೆ. ರೋಗಿ ಆಗ ಉಗುಳು ನುಂಗಬಾರದು. ನುಂಗಿದರೆ ಗಂಟು ಸೂಜಿಯ ಕೆಳಗೇ ಮೇಲೆದ್ದು ಇಳಿಯುತ್ತದೆ.

ಅರ್ಧ ಕೆಲಸ ಕೆಡುವುದು ಇದಾದ ಮೇಲೆ. ಕೋಶಗಳು ಎದ್ದು ಕಾಣಲು ಸ್ಲೈಡಿಗೆ ಬಣ್ಣ ಹಾಕುತ್ತಾರೆ. ಪ್ಯಾಪ್ ಎಂಬ ಬಣ್ಣಕ್ಕೆ ಹೋಗುವ ಸ್ಲೈಡನ್ನು ಒದ್ದೆಯಿರುವಾಗಲೇ ಶೇ 95ರ ಆಲ್ಕೊಹಾಲಿಗೆ ಹಾಕಬೇಕು. ಫ್ಯಾನಿನ ಕೆಳಗೆ ನಿಂತು ಲೇಬಲ್ ಬರೆಯುತ್ತ ಕೂತರೆ ಅಷ್ಟರಲ್ಲೇ ಒಣಗಿ ಕೋಶಕೇಂದ್ರಗಳು ಉಬ್ಬಿ ಮಸುಕಾಗುತ್ತವೆ. ಗೀಮ್ಸಾ ಎಂಬ ಇನ್ನೊಂದು ಬಣ್ಣದ್ದಕ್ಕೆ ಇದರ ತದ್ವಿರುದ್ಧ: ಗಾಳಿಯಲ್ಲೇ ಬೇಗ ಒಣಗಬೇಕು. ಹಾಗೆ ಒಣಗಿಸಿದ ಸ್ಲೈಡನ್ನು ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಡಬ್ಬಿಯ ಜೊತೆ ಒಂದೇ ಕವರಿನಲ್ಲಿ ಬೆಂಗಳೂರಿಗೆ ಕಳಿಸಿದರೆ, ಮುಚ್ಚಳದಿಂದ ಸೋರುವ ಆವಿಯೇ ಸಾಕು, ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಸ್ಲೈಡಿನ ಮೇಲೆ ಸವರುವಾಗ ಒತ್ತಿ ಎಳೆದರೆ ಲಿಂಫೋಸೈಟುಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಹಿಂಡಿ ದಾರದಂತಾಗುತ್ತವೆ. ಇಷ್ಟಾದ ಮೇಲೂ ಬೈಗುಳ ಬೀಳುವುದು ಸೂಜಿಗೆ.

ಹಿಂದಿನವರು ಗಂಡಮಾಲೆ ಎನ್ನುತ್ತಿದ್ದ ಗಂಟುಗಳಲ್ಲಿ ಟಿಬಿಯವು ಬಹಳ. ಕೀವು ಬಂದರೆ ಚೆಲ್ಲಬಾರದು: ಒಂದಿಷ್ಟು ಸ್ಲೈಡಿಗೆ, ಉಳಿದದ್ದು ಫಾರ್ಮಲಿನ್ ಸೋಕದಂತೆ ಟಿಬಿ ರೋಗಾಣುವಿನ ಜೀನ್ ಹುಡುಕುವ ಸಿಬಿನ್ಯಾಟ್‌ಗೆ. ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಎಂಬುದೂ ಅದರಲ್ಲೇ ತಿಳಿಯುವಾಗ, ಗಂಟು ಮುಟ್ಟಿ ನೋಡಿದಷ್ಟಕ್ಕೇ ಆರು ತಿಂಗಳ ಮಾತ್ರೆ ಶುರುಮಾಡುವುದು ಏಕೋ?

ಸೂಜಿಗೆ ಮಿತಿಯಿಲ್ಲವೆಂದಲ್ಲ. ಕಡ್ಡಿಪುಡಿ ಒತ್ತಿಟ್ಟುಕೊಂಡು ಕೆನ್ನೆಯೊಳಗೆ ಎದ್ದ ಹುಣ್ಣಿಗೆ ಅಂಚಿನಿಂದ ಚೂರು ತೆಗೆಯಬೇಕು. ಅದೇ ರೋಗಿಯ ಕುತ್ತಿಗೆ ಗಂಟಿಗಾದರೆ ಸೂಜಿ ಸರಿ. ಲಿಂಫೋಮಾ ಎಂಬ ದುಗ್ಧಗ್ರಂಥಿ ಕ್ಯಾನ್ಸರಿನ ಬಗೆ ಹೇಳಲು ಸಾಮಾನ್ಯವಾಗಿ ದಪ್ಪ ಸೂಜಿಯಿಂದ ಚೂರು ತೆಗೆಯುವ ಕೋರ್ ಬಯಾಪ್ಸಿಯೋ ಇಡೀ ಗ್ರಂಥಿಯೋ ಬೇಕು. ಥೈರಾಯ್ಡಿನ ಫಾಲಿಕ್ಯುಲರ್ ಎಂಬ ಬಗೆಯ ಗೆಡ್ಡೆಯಲ್ಲಿ ಕ್ಯಾನ್ಸರ್ ಗೆಡ್ಡೆಯ ಹೊದಿಕೆ ದಾಟಿದೆಯೇ ಎಂಬುದು ಬಿಡಿ ಕೋಶಗಳಲ್ಲಿ ಕಾಣದು. ನಾಡಿಯಂತೆ ಮಿಡಿಯುವ ಗಂಟಿಗೆ ಮೊದಲು ಸ್ಕ್ಯಾನ್. ನಲವತ್ತು ದಾಟಿದವರಲ್ಲಿ ಬರೀ ನೀರು ಬಂದರೆ, ಅದನ್ನು ಎಳೆದ ಮೇಲೆ ಉಳಿದ ಗಟ್ಟಿ ಭಾಗಕ್ಕೆ ಇನ್ನೊಮ್ಮೆ ಚುಚ್ಚಬೇಕು. ಕ್ಯಾನ್ಸರ್ ಹರಡಿದ ಗ್ರಂಥಿಯೂ ನೀರುಗುಳ್ಳೆಯ ವೇಷದಲ್ಲಿರುತ್ತದೆ.

ವರದಿಯ ಭಾಷೆ ಒಂದು ಹದಕ್ಕೆ ಬಂದದ್ದು ಈಚೆಗೆ: ಥೈರಾಯ್ಡಿಗೆ ಬೆಥೆಸ್ಡಾ, ಜೊಲ್ಲುಗ್ರಂಥಿಗೆ 2018ರಿಂದ ಮಿಲಾನ್ ಎಂಬ ವರ್ಗೀಕರಣ ಪದ್ಧತಿಗಳು. ಬೆಥೆಸ್ಡಾ ಲೆಕ್ಕದಲ್ಲಿ ಸಾಮಾನ್ಯವಾಗಿ ಹತ್ತತ್ತು ಕೋಶಗಳ ಆರು ಗುಂಪಾದರೂ ಕಾಣಬೇಕು, ಇಲ್ಲವಾದರೆ ‘ಸಾಲದು’. ಅದಕ್ಕೆ ‘ಏನಿಲ್ಲ’ ಎಂಬ ಅರ್ಥವಿಲ್ಲ. ಅಲ್ಟ್ರಾಸೌಂಡ್ ನೋಡಿಕೊಂಡು ಮತ್ತೆ ಚುಚ್ಚಿಸಿಕೊಳ್ಳಬೇಕು. ಆಗಲಾದರೂ ವೈದ್ಯರು ಪರೀಕ್ಷೆಗೆ ಬರೆಯುವ ಚೀಟಿಯಲ್ಲಿ ‘ನೆಕ್ ಸ್ವೆಲಿಂಗ್’ ಎಂದಷ್ಟೇ ಬೇಡ. ಯಾವ ಪಕ್ಕ, ಎಷ್ಟು ಸೆಂಟಿಮೀಟರ್, ಹೊಗೆಸೊಪ್ಪು ಉಂಟೇ, ಹಿಂದೆ ಟಿಬಿ ಮಾತ್ರೆ ನುಂಗಿದ್ದಾರೆಯೇ: ಇಷ್ಟು ಬರೆಯಲು ಎರಡು ಸಾಲು ಸಾಕು.