‘ಫ್ರೈಟ್ ನೈಟ್’ ರೀಮೇಕ್: ತೆರೆಯ ಹಿಂದಿನ ಒಂದಿಷ್ಟು ಟಿಪ್ಪಣಿ

ನಮ್ಮಲ್ಲಿ ರೀಮೇಕ್ ಅಂದ್ರೆ ಸಾಮಾನ್ಯವಾಗಿ ಬೇರೆ ಭಾಷೆಯ ಚಿತ್ರ ಕನ್ನಡಕ್ಕೆ ಬರುವುದು. ಹಾಲಿವುಡ್‌ನಲ್ಲಿ ಎಷ್ಟೋ ಸಲ ಭಾಷೆ ಅದೇ, ದೇಶ ಅದೇ, ಕಾಲ ಮಾತ್ರ ಬೇರೆ. ಸಿನಿಮಾ ಓದುವವರಿಗೆ ‘ಫ್ರೈಟ್ ನೈಟ್’ ಅನ್ನೋ ಹಾರರ್ ಚಿತ್ರ ಇದಕ್ಕೆ ಒಳ್ಳೆ ಉದಾಹರಣೆ. ಮೂಲ ಚಿತ್ರ 1985ರದ್ದು, ಬರೆದು ನಿರ್ದೇಶಿಸಿದವರು ಟಾಮ್ ಹಾಲಂಡ್ (ಸ್ಪೈಡರ್‌ಮ್ಯಾನ್ ಹುಡುಗ ಆಗ ಹುಟ್ಟೇ ಇರಲಿಲ್ಲ, ಇವರು ಬೇರೆ). 2011ರ ರೀಮೇಕ್ ನಿರ್ದೇಶಿಸಿದ್ದು ಕ್ರೇಗ್ ಗಿಲೆಸ್ಪಿ. ಚಿತ್ರಕಥೆ ಮಾರ್ಟಿ ನಾಕ್ಸನ್ ಅವರದ್ದು. ಪಿಶಾಚಿ ಬೇಟೆಯಾಡುವ ಹುಡುಗಿಯ ಕಥೆ ‘ಬಫಿ’ ಧಾರಾವಾಹಿಗೆ ಬರೆದವರು, ಹಾಗಾಗಿ ರಕ್ತದ ನಡುವೆ ನಗು ತರೋದು ಅವರಿಗೆ ಹೊಸತಲ್ಲ.

ಕಥೆ ಎರಡರಲ್ಲೂ ಒಂದೇ. ಚಾರ್ಲಿ ಅನ್ನೋ ಹುಡುಗನ ಪಕ್ಕದ ಮನೆಗೆ ಜೆರ್ರಿ ಬರುತ್ತಾನೆ. ಜೆರ್ರಿ ವ್ಯಾಂಪೈರ್, ಅಂದ್ರೆ ಬಿಸಿಲು ತಾಳದ, ರಾತ್ರಿ ಜನರ ರಕ್ತ ಕುಡಿಯುವ ಪಿಶಾಚಿ. ಯಾರೂ ನಂಬುವುದಿಲ್ಲ.

ಬದಲಾಗಿದ್ದು ಊರು, ಮತ್ತೆ ಜನರ ಕೆಲಸ. ನನ್ನ ಪ್ರಕಾರ ರೀಮೇಕ್‌ನ ಜಾಣತನ ಪೂರ್ತಿ ಅಲ್ಲೇ ಇದೆ. ಹೊಸ ಕಥೆ ನಡೆಯೋದು ಲಾಸ್ ವೇಗಸ್ ಹೊರಗಿನ ಬಡಾವಣೆಯಲ್ಲಿ. ಆ ಊರಲ್ಲಿ ಎಷ್ಟೋ ಜನಕ್ಕೆ ರಾತ್ರಿ ಪಾಳಿ. ಹಗಲು ಮಲಗೋಕೆ ಕಿಟಕಿಗೆ ಕಪ್ಪು ಹಾಕಿಕೊಂಡರೆ ಯಾರೂ ಪ್ರಶ್ನೆ ಕೇಳಲ್ಲ. ಜನ ಬರುತ್ತಾರೆ, ಹೋಗುತ್ತಾರೆ, ಒಂದು ಮನೆ ಖಾಲಿಯಾದರೆ ಸಾಲ ಕಟ್ಟೋಕಾಗದೆ ಬಿಟ್ಟು ಹೋದರೇನೋ ಅಂದುಕೊಳ್ಳುತ್ತಾರೆ. ಯಾಕಂದ್ರೆ 2008ರ ಆಸುಪಾಸಿನಲ್ಲಿ ಮನೆ ಮಾರುಕಟ್ಟೆ ಕುಸಿದಾಗ ಅಮೆರಿಕದಲ್ಲಿ ಅತಿ ಜಾಸ್ತಿ ಪೆಟ್ಟು ತಿಂದ ಊರುಗಳಲ್ಲಿ ಅದೂ ಒಂದು. ವ್ಯಾಂಪೈರ್‌ಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಅಂದಹಾಗೆ ಶೂಟಿಂಗ್ ಆಗಿದ್ದು ಬಹುಪಾಲು ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ಸುತ್ತಮುತ್ತ.

ಚಾರ್ಲಿ ಸಹಾಯ ಕೇಳಿಕೊಂಡು ಹೋಗುವ ಪೀಟರ್ ವಿನ್ಸೆಂಟ್ ಪಾತ್ರದ್ದೂ ಇದೇ ಲೆಕ್ಕ. ಹೆಸರು ಬಂದಿದ್ದು ಹಳೆಯ ಹಾರರ್ ನಟರಾದ ಪೀಟರ್ ಕುಶಿಂಗ್ ಮತ್ತು ವಿನ್ಸೆಂಟ್ ಪ್ರೈಸ್ ಇಬ್ಬರಿಂದ. 1985ರಲ್ಲಿ ಅವನು ಟಿವಿಯಲ್ಲಿ ತಡರಾತ್ರಿ ದೆವ್ವದ ಸಿನಿಮಾ ತೋರಿಸುವ ನಿರೂಪಕ, ಮಾಡಿದ್ದು ರಾಡಿ ಮ್ಯಾಕ್‌ಡವಲ್. 2011ರ ಹುಡುಗರಿಗೆ ಅಂಥ ನಿರೂಪಕ ಅಂದ್ರೆ ಯಾರು ಅಂತಲೇ ಗೊತ್ತಿರಲ್ಲ. ಅದಕ್ಕೆ ಅವನನ್ನ ವೇಗಸ್‌ನ ಜಾದೂಗಾರ ಮಾಡಿದರು. ಬ್ರಿಟಿಷ್ ಧಾರಾವಾಹಿ ‘ಡಾಕ್ಟರ್ ಹೂ’ ಖ್ಯಾತಿಯ ಡೇವಿಡ್ ಟೆನೆಂಟ್ ಚರ್ಮದ ಪ್ಯಾಂಟ್ ಹಾಕಿಕೊಂಡು ಮೆರೆಯುತ್ತಾರೆ, ಆಮೇಲೆ ಚಾರ್ಲಿ ಎದುರಲ್ಲೇ ವಿಗ್ಗು, ಅಂಟಿಸಿದ ಗಡ್ಡ ಒಂದೊಂದೇ ಕಿತ್ತು ಹಾಕುತ್ತಾರೆ. ನನಗೆ ಇಡೀ ಚಿತ್ರದಲ್ಲಿ ಜಾಸ್ತಿ ನಗು ತರಿಸಿದ್ದು ಇದೇ.

ಈಗ ಹೊಸ್ತಿಲ ವಿಷಯ. ಕರೆಯದೆ ವ್ಯಾಂಪೈರ್ ಮನೆಯೊಳಗೆ ಬರುವಂತಿಲ್ಲ ಅನ್ನೋದು ಹಳೇ ನಿಯಮ. ಬಾಗಿಲ ಮೇಲೆ ‘ನಾಳೆ ಬಾ’ ಬರೆದ ನಮಗೆ ಇದನ್ನ ವಿವರಿಸೋದೇ ಬೇಡ. ರೀಮೇಕ್‌ನಲ್ಲಿ ಜೆರ್ರಿ (ಕಾಲಿನ್ ಫಾರೆಲ್) ಅಡುಗೆಮನೆ ಬಾಗಿಲಿಗೆ ಬಂದು ಬಿಯರ್ ಇದೆಯಾ ಅಂತ ಕೇಳುತ್ತಾನೆ. ಚಾರ್ಲಿ ಫ್ರಿಜ್‌ನಿಂದ ತಂದು ಕೊಡಬೇಕು, ಆದರೆ ಕೈ ಹೊಸ್ತಿಲು ದಾಟಬಾರದು. ರಕ್ತ ಇಲ್ಲ, ಕೋರೆಹಲ್ಲು ಇಲ್ಲ, ಇಬ್ಬರು ಸುಮ್ನೆ ಮಾತಾಡುತ್ತಾರೆ, ಅಷ್ಟಕ್ಕೇ ನಮಗೆ ಉಸಿರು ಕಟ್ಟುತ್ತದೆ. ಮುಂದೆ ಅದೇ ಜೆರ್ರಿ ಅಂಗಳ ಅಗೆದು ಗ್ಯಾಸ್ ಪೈಪ್ ಕಿತ್ತು ಮನೆಯನ್ನೇ ಸ್ಫೋಟಿಸುತ್ತಾನೆ. ಮನೆಯೇ ಇಲ್ಲ ಅಂದ್ರೆ ಯಾರು ಕರೆಯಬೇಕು? ನಿಯಮ ಮುರಿಯದೆ ಅದರ ಸುತ್ತ ದಾರಿ ಹುಡುಕಿದ್ದು ನೋಡಿ.

ಅಲ್ಲಿಂದ ಓಡುವ ಕಾರಿನ ದೃಶ್ಯವನ್ನ ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಕ್ಯಾಮೆರಾ ಕಾರೊಳಗೇ ಸುತ್ತುತ್ತಾ ತಾಯಿ, ಮಗ, ಗೆಳತಿ ಮೂವರನ್ನೂ ಹಿಡಿಯುತ್ತದೆ. ಒಂದೇ ಶಾಟ್ ಅನ್ನಿಸಿದರೂ ಬೇರೆ ಬೇರೆ ತುಣುಕುಗಳನ್ನ ಹೊಲಿದದ್ದು. ಕಾರು ನಿಂತ ಮೇಲೆ ಹಿಂದಿನಿಂದ ಇನ್ನೊಂದು ಕಾರು ಬಂದು ಗುದ್ದುತ್ತದೆ. ಸಿಟ್ಟಿನಿಂದ ಇಳಿಯುವ ಆ ಚಾಲಕ ಕ್ರಿಸ್ ಸರಾಂಡನ್, 1985ರ ಜೆರ್ರಿ! ಹೊಸ ಜೆರ್ರಿ ಅವರ ರಕ್ತ ಕುಡಿದು ಮುಗಿಸುತ್ತಾನೆ. ಪಾತ್ರದ ಹೆಸರು ಜೇ ಡೀ, ಅಂದ್ರೆ ಜೆರ್ರಿ ಡ್ಯಾಂಡ್ರಿಜ್‌ನ ಮೊದಲಕ್ಷರಗಳು. ಆಮೇಲೆ ಜೆರ್ರಿಯನ್ನ ಚುಚ್ಚೋದು ತಾಯಿ, ಮನೆ ಮಾರಾಟದ ಬೋರ್ಡಿನ ಗೂಟದಿಂದ. ಆಕೆ ರಿಯಲ್ ಎಸ್ಟೇಟ್ ಏಜೆಂಟ್. ಊರು ಬದಲಾಯಿಸಿದ್ದಕ್ಕೆ ಸಿಕ್ಕ ಆಯುಧ ಅದು.

ಒಂದು ತಕರಾರೂ ಇದೆ. ಚಿತ್ರ ತೆಗೆದದ್ದೇ ತ್ರೀಡಿಯಲ್ಲಿ. ತ್ರೀಡಿ ಕನ್ನಡಕ ಬೆಳಕನ್ನ ಸಾಕಷ್ಟು ನುಂಗುತ್ತದೆ, ಇಲ್ಲೋ ಮುಕ್ಕಾಲು ಕಥೆ ನಡೆಯೋದೇ ಕತ್ತಲಲ್ಲಿ. ಚಿತ್ರ ಮಬ್ಬು ಮಬ್ಬು ಅಂತ ಆಗಲೇ ದೂರು ಬಂದಿತ್ತು. ಮೊದಲ ಸಲ ನೋಡೋರು ಧಾರಾಳವಾಗಿ ಟೂಡಿಯಲ್ಲೇ ನೋಡಿ. ಸುಮಾರು 3 ಕೋಟಿ ಡಾಲರ್ ಖರ್ಚಿಗೆ ಜಗತ್ತಿನಾದ್ಯಂತ 4 ಕೋಟಿ ಚಿಲ್ಲರೆ ಬಂತು, ಪ್ರಚಾರದ ಖರ್ಚು ಸೇರಿಸಿದರೆ ಅದು ಗೆಲುವಲ್ಲ. 2013ರಲ್ಲಿ ಬಂದ ‘ಫ್ರೈಟ್ ನೈಟ್ 2’ ಬೇರೆ ನಟರನ್ನ ಹಾಕಿಕೊಂಡು, ಥಿಯೇಟರ್ ಮುಟ್ಟದೆ ನೇರ ವಿಡಿಯೋಗೆ ಹೋಯಿತು.