ಏರ್‌ಬ್ರಷ್ ಮೇಲಿನ ಇಸವಿಯನ್ನು ಹಾಗೇ ನಂಬಬೇಡಿ

ಏರ್‌ಬ್ರಷ್ ಅಂದರೆ ಗಾಳಿಯ ಒತ್ತಡದಿಂದ ಬಣ್ಣ ಚಿಮುಕಿಸುವ, ಕೈಯಲ್ಲಿ ಹಿಡಿಯುವ ಸಾಧನ. ಹಳೆಯದೊಂದು ಕೈಗೆ ಸಿಕ್ಕರೆ ಎಲ್ಲರೂ ಮೊದಲು ಹುಡುಕುವುದು ಅದರ ಮೈಮೇಲಿನ ಇಸವಿಯನ್ನು. ಸಣ್ಣ ಅಕ್ಷರದಲ್ಲಿ ಒಂದು ದಿನಾಂಕ ಕಂಡರೆ ಸಾಕು, ಅದೇ ಅದರ ಹುಟ್ಟಿದ ದಿನ ಅಂತ ತೀರ್ಮಾನ ಆಗಿಬಿಡುತ್ತದೆ. ರಿಪೇರಿಗೆ ಮತ್ತು ವಯಸ್ಸು ಹೇಳಿಸಿಕೊಳ್ಳಲು ನನ್ನ ಬಳಿ ಬರುವ ಬ್ರಷ್‌ಗಳ ಚೀಟಿಯಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಆ ದಿನಾಂಕ ಪೇಟೆಂಟಿನದು. ಬ್ರಷ್‌ನ ಒಳಗಿನ ಯಾವುದೋ ಒಂದು ಉಪಾಯಕ್ಕೆ ಸರ್ಕಾರ ಹಕ್ಕು ಕೊಟ್ಟ ದಿನ ಅದು. ಆ ಉಪಾಯವನ್ನು ಕಂಪನಿ ಮುಂದೆ ಹತ್ತು ವರ್ಷ ಬಳಸಿರಬಹುದು, ಮೂವತ್ತು ವರ್ಷವೂ ಬಳಸಿರಬಹುದು. ಅಚ್ಚು ಚೆನ್ನಾಗಿದ್ದರೆ ಅಕ್ಷರ ಬದಲಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಹಾಗಂತ ಪೇಟೆಂಟ್ ದಿನಾಂಕ ಕೆಲಸಕ್ಕೆ ಬಾರದ್ದು ಅಂತಲ್ಲ. ಬ್ರಷ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ ಅನ್ನುವುದಕ್ಕೆ ಅದು ಗಟ್ಟಿ ಸಾಕ್ಷಿ. ಹಲವು ದಿನಾಂಕಗಳಿದ್ದರೆ ಕೊನೆಯದನ್ನು ಹಿಡಿಯಿರಿ. ಮೊದಲಿನದು ನೋಡಲು ಚೆಂದ, ಲೆಕ್ಕಕ್ಕೆ ಬರುವುದು ಕೊನೆಯದು.

ಅಕ್ಷರ ಸವೆದುಹೋಗಿದ್ದರೆ ಒಂದು ಸೊಗಸಾದ ದಾರಿ ಇದೆ. ಅಮೆರಿಕದ ಪೇಟೆಂಟ್ ಕಚೇರಿ 1848ರಿಂದಲೂ ಪೇಟೆಂಟ್ ಕೊಡುವುದು ಮಂಗಳವಾರದಂದು. ಬ್ರಷ್ ಮೇಲೆ ಏಪ್ರಿಲ್ 4 ಅಂತ ಓದಲು ಬರುತ್ತದೆ, ಇಸವಿಯಲ್ಲಿ 190 ಕಾಣುತ್ತದೆ, ಕೊನೆಯ ಅಂಕಿ ಮಾತ್ರ ಮಸುಕಾಗಿದೆ ಅಂತ ಇಟ್ಟುಕೊಳ್ಳಿ. ಅದು 3 ಇರಬಹುದು, 5 ಇರಬಹುದು, 6 ಅಥವಾ 8 ಕೂಡ ಇರಬಹುದು. ಹಳೆಯ ಕ್ಯಾಲೆಂಡರ್ ತೆಗೆದು ನೋಡಿ. ಆ ದಶಕದಲ್ಲಿ ಏಪ್ರಿಲ್ 4 ಮಂಗಳವಾರ ಬಂದದ್ದು 1905ರಲ್ಲಿ ಮಾತ್ರ. ಅಲ್ಲಿಗೆ ಅಂಕಿ 5 ಅಂತ ಖಚಿತ. ಭೂತಗನ್ನಡಿಯಲ್ಲಿ ಗಂಟೆಗಟ್ಟಲೆ ನೋಡಿದರೂ ಸಿಗದ ಉತ್ತರ ಕ್ಯಾಲೆಂಡರಿನಲ್ಲಿ ಒಂದು ನಿಮಿಷಕ್ಕೆ ಸಿಗುತ್ತದೆ.

ದಿನಾಂಕದ ಬದಲು ಬರೀ ಪೇಟೆಂಟ್ ಸಂಖ್ಯೆ ಇದ್ದರೆ ಅದೂ ಒಂದು ಸುಳಿವೇ. ಅಮೆರಿಕದಲ್ಲಿ 1927ರ ತನಕ ವಸ್ತುವಿನ ಮೇಲೆ ಪೇಟೆಂಟ್ ಸಿಕ್ಕ ದಿನ ಹಾಕಬೇಕಿತ್ತು. ಆ ವರ್ಷ ಕಾನೂನು ಬದಲಾಯಿತು, ಸಂಖ್ಯೆ ಹಾಕುವ ನಿಯಮ ಬಂತು. ಸಂಖ್ಯೆಯ ಕಾಲ ತಿಳಿಯುವುದೂ ಸುಲಭ. ಹತ್ತು ಲಕ್ಷದ ಪೇಟೆಂಟ್ ಬಂದದ್ದು 1911ರಲ್ಲಿ, ಇಪ್ಪತ್ತು ಲಕ್ಷದ್ದು 1935ರಲ್ಲಿ, ಮೂವತ್ತು ಲಕ್ಷದ್ದು 1961ರಲ್ಲಿ. ಈ ಮೂರನ್ನು ನೆನಪಿಟ್ಟುಕೊಂಡರೆ ಸಂತೆಯಲ್ಲಿ ನಿಂತಲ್ಲೇ ಅಂದಾಜು ಮಾಡಬಹುದು. ನಿಖರವಾಗಿ ಬೇಕಾದರೆ ಮನೆಗೆ ಬಂದು ಸಂಖ್ಯೆ ಹಾಕಿ ಪೇಟೆಂಟ್ ಪತ್ರವನ್ನೇ ಹುಡುಕಿ. ಎಲ್ಲವೂ ಚಿತ್ರ ಸಮೇತ ಸಾರ್ವಜನಿಕವಾಗಿ ಸಿಗುತ್ತವೆ. ಆ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಬ್ರಷ್ ಬಿಚ್ಚುವುದೇ ಒಂದು ಖುಷಿ.

ಬ್ರಷ್‌ನ ಮೇಲೋ ಡಬ್ಬಿಯ ಮೇಲೋ ಕಾಣುವ ಎಲ್ಲ ನಾಲ್ಕಂಕಿಯೂ ಇಸವಿಯಲ್ಲ. ಏರ್‌ಬ್ರಷ್ ತಯಾರಿಸುವ ಪಾಷೆ ಕಂಪನಿಯ ಹಳೆಯ ಡಬ್ಬಿ, ಕಾಗದಗಳಲ್ಲಿ 1909 ಅಂತ ಇರುತ್ತದೆ. ಅದು ಶಿಕಾಗೋದ ಡೈವರ್ಸಿ ಪಾರ್ಕ್‌ವೇ ರಸ್ತೆಯಲ್ಲಿ ಆಗ ಅವರಿದ್ದ ಕಟ್ಟಡದ ನಂಬರು! ಕಂಪನಿ ಶುರುವಾದದ್ದು 1904ರಲ್ಲಾದ್ದರಿಂದ 1909 ಅನ್ನುವುದು ನಂಬುವ ಹಾಗೇ ಕಾಣುತ್ತದೆ. ಅದಕ್ಕೇ ಎಷ್ಟೋ ಜನ ಮೋಸಹೋಗುತ್ತಾರೆ.

ಆಕಾರ ನೋಡಿ ವಯಸ್ಸು ಹೇಳುವುದರಲ್ಲೂ ಇಂಥದೇ ಅಪಾಯ ಇದೆ. ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. 1870ರ ದಶಕದ ಕೊನೆಯಲ್ಲಿ ಅಮೆರಿಕದ ಐಯೊವಾ ರಾಜ್ಯದ ವೆಬ್‌ಸ್ಟರ್ ಸಿಟಿಯಲ್ಲಿ ಆಬ್ನರ್ ಪೀಲರ್ ಎಂಬಾತ ಗಾಳಿಯಿಂದ ಬಣ್ಣ ಹಚ್ಚುವ ಸಾಧನ ಮಾಡಿದ. ಹೊಲಿಗೆ ಯಂತ್ರದ ಬಗ್ಗಿಸಿದ ಸೂಜಿಯಂಥ ಸಿಕ್ಕ ಸಾಮಾನುಗಳನ್ನೇ ಜೋಡಿಸಿ ಮಾಡಿದ್ದು ಅದು. ಆ ಹಕ್ಕುಗಳನ್ನು ಕೊಂಡು ಅದನ್ನು ತಿದ್ದಿ ಮಾರುಕಟ್ಟೆಗೆ ತಂದವನು ಲಿಬರ್ಟಿ ವಾಕಪ್. ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ ಅವನ ಕಾರ್ಖಾನೆ ಇತ್ತು. ಈ ಜಾತಿಯ ಬ್ರಷ್‌ನಲ್ಲಿ ಗಾಳಿ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಚಕ್ರ ಸೂಜಿಯನ್ನು ಹಿಂದೆ ಮುಂದೆ ಓಡಿಸುತ್ತದೆ. ಸೂಜಿ ಬಟ್ಟಲಿನಿಂದ ಬಣ್ಣ ಹೊತ್ತು ತಂದು ಗಾಳಿಯ ಎದುರಿಗೆ ಇಡುತ್ತದೆ, ಗಾಳಿ ಅದನ್ನು ಊದಿ ಹಾರಿಸುತ್ತದೆ.

1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಬೇರೆ ದಾರಿ ಹಿಡಿದ. ಸೂಜಿಯನ್ನು, ಬಣ್ಣ ಹೊರಬರುವ ಕಿರುಮೂತಿಯಾದ ನಾಝಲ್‌ನ ನಟ್ಟನಡುವೆ ಕೂರಿಸಿ, ಗಾಳಿ ಮತ್ತು ಬಣ್ಣ ಬ್ರಷ್‌ನ ತಲೆಯೊಳಗೇ ಕೂಡುವಂತೆ ಮಾಡಿದ. ಪೆನ್ನಿನಂತೆ ಹಿಡಿಯುವ ಈ ಬ್ರಷ್‌ನ್ನು ಶಿಕಾಗೋದ ಥೇಯರ್ ಅಂಡ್ ಚಾಂಡ್ಲರ್ ಕಂಪನಿ ಮಾರಿತು. ಬರ್ಡಿಕ್ ಆಮೇಲೆ ಇಂಗ್ಲೆಂಡಿಗೆ ಹೋದ, ಅಲ್ಲಿ ಏರೋಗ್ರಾಫ್ ಎಂಬ ಏರ್‌ಬ್ರಷ್ ಕಂಪನಿಯ ಹೆಸರು ಹುಟ್ಟಿತು. ಈಗ ಅಂಗಡಿಯಲ್ಲಿ ಸಿಗುವ ಬಹುಪಾಲು ಬ್ರಷ್‌ಗಳ ಹೊಟ್ಟೆಯೊಳಗೆ ಇರುವುದು ಬರ್ಡಿಕ್‌ನ ಉಪಾಯವೇ. ಹಾಗಂತ ಚಕ್ರದ ಬ್ರಷ್ ಸತ್ತುಹೋಗಲಿಲ್ಲ. ಪಾಷೆಯ ಎಬಿ ಮಾದರಿ ಅದೇ ವಂಶದ್ದು, ಕೂದಲೆಳೆಯಷ್ಟು ಸಣ್ಣ ಗೆರೆಗೆ ಹೆಸರಾದದ್ದು. ಅದು ದಶಕಗಟ್ಟಲೆ ತಯಾರಾಗುತ್ತಲೇ ಇತ್ತು. ಹಾಗಾಗಿ ಚಕ್ರ ಕಂಡ ಕೂಡಲೇ ಹತ್ತೊಂಬತ್ತನೇ ಶತಮಾನ ಅಂತ ಕುಣಿಯಬೇಡಿ.

ಅಚ್ಚು ಮತ್ತು ಆಕಾರ ಎರಡೂ ಕೈಕೊಟ್ಟಾಗ ನಾನು ನಂಬುವುದು ಲೋಹವನ್ನು, ಪ್ಲಾಸ್ಟಿಕ್ಕನ್ನು, ಬಣ್ಣ ಸೋರದಂತೆ ತಡೆಯುವ ಸೀಲ್‌ಗಳನ್ನು. ನನ್ನ ಮಟ್ಟಿಗೆ ಇವು ಅಕ್ಷರಕ್ಕಿಂತ ಪ್ರಾಮಾಣಿಕ.

ಲೇಪದಿಂದ ಶುರುಮಾಡಿ. ಬಿಳಿ ಕಾಗದದ ಮೇಲೆ ಬ್ರಷ್ ಇಟ್ಟು ಹಗಲು ಬೆಳಕಿನಲ್ಲಿ ನೋಡಿ. ನಿಕ್ಕಲ್ ಸ್ವಲ್ಪ ಹಳದಿ ಛಾಯೆಯದು, ಹೊಳಪು ಮೆದು. ಕ್ರೋಮ್ ನೀಲಿ ಛಾಯೆಯದು, ಕನ್ನಡಿಯ ಹಾಗೆ ಚುರುಕು. ಕ್ರೋಮ್ ಲೇಪ ವ್ಯಾಪಾರಕ್ಕೆ ಬಂದದ್ದು 1920ರ ದಶಕದ ನಡುವಿನಿಂದ ಈಚೆಗೆ. ಪೇಟೆಂಟ್ 1910ರ ಸುಮಾರಿನದಾಗಿದ್ದು ಮೈ ಕ್ರೋಮ್ ಆಗಿದ್ದರೆ ಎರಡೇ ಸಾಧ್ಯತೆ. ಒಂದೋ ಬ್ರಷ್ ತಡವಾಗಿ ತಯಾರಾಗಿದೆ, ಇಲ್ಲವೇ ಯಾರೋ ಮರುಲೇಪ ಮಾಡಿಸಿದ್ದಾರೆ. ಯಾವುದು ಅಂತ ತಿಳಿಯಲು ಭೂತಗನ್ನಡಿ ಹಿಡಿದು ಅಕ್ಷರಗಳ ಅಂಚು ನೋಡಿ. ಮರುಲೇಪದ ಮೊದಲು ಉಜ್ಜುತ್ತಾರೆ, ಆಗ ಅಕ್ಷರದ ಅಂಚು ಕರಗಿ ದುಂಡಗಾಗುತ್ತದೆ. ಹಿಡಿತಕ್ಕೆಂದು ಕೊರೆದ ಗೀರುಗಳ ತುದಿ ಮೊಂಡಾಗಿರುತ್ತದೆ. ಸವೆದ ಜಾಗ, ಪೆಟ್ಟಿನ ಗುಂಡಿ, ಎಲ್ಲದರ ಒಳಗೂ ಲೇಪ ಒಂದೇ ಸಮ ಹೊಳೆಯುತ್ತಿರುತ್ತದೆ. ಪೆಟ್ಟು ಬಿದ್ದ ಮೇಲೆ ಲೇಪ ಬಂದಿದೆ ಅಂತ ಅರ್ಥ, ಅಲ್ವಾ?

ಹಿಂಬದಿಯ ಹಿಡಿ ಕಪ್ಪಗಿದ್ದರೆ ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿ ನೋಡಿ. ಗಂಧಕದ ವಾಸನೆ ಬಂದರೆ ಎಬೊನೈಟ್, ಅಂದರೆ ಗಟ್ಟಿ ರಬ್ಬರ್. ಬೆಳಕು ಬಿದ್ದು ಬಿದ್ದು ಅದು ಕಂದು ತಿರುಗುತ್ತದೆ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್, ಅಂದರೆ ಹಳೆಯ ಕಾಲದ ಒಂದು ಪ್ಲಾಸ್ಟಿಕ್. ಕೆಲವರು ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಅನ್ನುತ್ತಾರೆ. ದಯವಿಟ್ಟು ಬೇಡ. ಸೆಲ್ಯುಲಾಯ್ಡ್ ಭಗ್ಗೆಂದು ಹತ್ತಿಕೊಳ್ಳುವ ವಸ್ತು. ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಆದರೆ 1909ರ ಈಚಿನದು, ಅದಕ್ಕಿಂತ ಮೊದಲು ಆ ವಸ್ತು ಮಾರುಕಟ್ಟೆಯಲ್ಲೇ ಇರಲಿಲ್ಲ.

ಸೂಜಿಯ ಸುತ್ತಲಿನ ಸೀಲ್ ಇನ್ನೂ ಚೆನ್ನಾಗಿ ಮಾತಾಡುತ್ತದೆ. ಹಳೆಯದರಲ್ಲಿ ಚರ್ಮ, ಬೆಂಡು ಇಂಥವು ಇರುತ್ತವೆ. ಬಿಳಿ ಟೆಫ್ಲಾನ್ ಇದ್ದರೆ ಆ ಸೀಲ್ ಎರಡನೇ ಮಹಾಯುದ್ಧದ ನಂತರದ್ದು. ಟೆಫ್ಲಾನ್ ಕಂಡುಹಿಡಿದದ್ದೇ 1938ರಲ್ಲಿ, ಕೈಗೆಟುಕಿದ್ದು ಯುದ್ಧ ಮುಗಿದ ಮೇಲೆ. ಆದರೆ ಇಲ್ಲಿ ಎಚ್ಚರ ಬೇಕು. ಸೀಲ್, ಸೂಜಿ, ನಾಝಲ್ ಮೂರೂ ಸವೆಯುವ ಭಾಗಗಳು. ಕೆಲಸ ಮಾಡಿದ ಬ್ರಷ್‌ನಲ್ಲಿ ಇವು ಬದಲಾಗಿಯೇ ಇರುತ್ತವೆ. ಫೋಟೋ ತಿದ್ದುವ ಸ್ಟುಡಿಯೋದಲ್ಲಿ ದಿನವಿಡೀ ಓಡಿದ ಬ್ರಷ್‌ಗೆ ಮೊದಲ ಸೂಜಿಯೇ ಇನ್ನೂ ಇದೆ ಅಂದರೆ ನನಗೆ ಅನುಮಾನವೇ ಹೆಚ್ಚು. ಹಾಗಾಗಿ ವಯಸ್ಸು ಕಟ್ಟುವಾಗ ಮೈ, ಟ್ರಿಗರ್, ಗಾಳಿಯ ವಾಲ್ವ್‌ನ ಕೊಳವೆ, ಈ ಬದಲಾಗದ ಭಾಗಗಳನ್ನು ನೋಡಿ. ಅವುಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ, ಬ್ರಷ್ ಅದಕ್ಕಿಂತ ಹಳೆಯದಾಗಲಾರದು.

ಡಬ್ಬಿ ಮತ್ತು ಕಾಗದ ಇದ್ದರೆ ಅದೃಷ್ಟ. ವಿಳಾಸದಲ್ಲಿ ‘ಶಿಕಾಗೋ 14’ ಅಂತ ಊರಿನ ಮುಂದೆ ಒಂದೆರಡು ಅಂಕಿ ಇದ್ದರೆ ಅದು 1943ರಿಂದ 1963ರ ನಡುವಿನ ಅಂಚೆ ಪದ್ಧತಿ. ಐದಂಕಿಯ ಜಿಪ್ ಕೋಡ್ ಇದ್ದರೆ 1963ರ ಈಚಿನದು. ‘ಪಶ್ಚಿಮ ಜರ್ಮನಿ’ ಅಂತಿದ್ದರೆ 1949ರಿಂದ 1990ರ ಒಳಗೆ. ಆದರೆ ಡಬ್ಬಿ ಈ ಬ್ರಷ್‌ನದೇ ಹೌದಾ ಅಂತ ಮೊದಲು ನೋಡಿ. ವೆಲ್ವೆಟ್ ಮೇಲೆ ದಶಕಗಳ ಕಾಲ ಒತ್ತಿ ಕೂತ ಗುರುತು ಇರುತ್ತದೆ. ಬಟ್ಟಲು, ಬಾಲ, ಟ್ರಿಗರ್ ಆ ಗುರುತಿಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಮಾರುವವರು ಸುಮ್ನೆ ಎರಡನ್ನೂ ಸೇರಿಸಿದ್ದಾರೆ.

ಇನ್ನು ಶುಚಿ ಮಾಡುವುದು. ಸಾಕ್ಷಿಗಳು ಹೆಚ್ಚಾಗಿ ಹಾಳಾಗುವುದು ಇಲ್ಲೇ. ಪಾಲಿಶ್ ಚಕ್ರಕ್ಕೆ ಕೊಡಬೇಡಿ, ನಿಕ್ಕಲ್ ಲೇಪ ತುಂಬಾ ತೆಳು. ಅಮೋನಿಯಾ ಇರುವ ಪಾಲಿಶ್, ಕ್ಲೀನರ್ ಹಾಕಬೇಡಿ. ಬಿಗಿಯಲ್ಲಿರುವ ಹಿತ್ತಾಳೆಯ ಭಾಗ ಅದರಿಂದ ಸೀಳುಬಿಡಬಹುದು. ಲೇಪ ಎದ್ದಿರುವ ಬ್ರಷ್‌ನ್ನು ಶಬ್ದದ ಅಲೆಗಳಿಂದ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿಗೆ ಹಾಕಿದರೆ ಉಳಿದದ್ದೂ ಉದುರುತ್ತದೆ. ಬಟ್ಟಲಿನಲ್ಲಿ ಒಣಗಿದ ಬಣ್ಣವನ್ನು ಕೆರೆಯಬೇಡಿ, ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಆ ಪುಡಿ ಉಸಿರಿಗೆ ಹೋಗುತ್ತದೆ. ನೆನೆಹಾಕಿ, ಒದ್ದೆ ಇರುವಾಗಲೇ ಒರೆಸಿ. ಸೂಜಿಯ ತುದಿ ಬಾಗಿದ್ದರೆ ಹಾಗೇ ಹಿಂದಕ್ಕೆ ಎಳೆಯಬೇಡಿ, ನಾಝಲ್ ಸೀಳಿಹೋಗುತ್ತದೆ. ಮೊದಲು ತುದಿಯನ್ನು ಮೆಲ್ಲಗೆ ನೆಟ್ಟಗೆ ಮಾಡಿ, ಆಮೇಲೆ ಎಳೆಯಿರಿ. ಕಚ್ಚಿಕೊಂಡ ತಿರುಪಿಗೆ ಇಕ್ಕಳ ಹಾಕಬೇಡಿ. ಒಳಗಿಳಿಯುವ ಎಣ್ಣೆ ಬಿಟ್ಟು ಎರಡು ಮೂರು ದಿನ ಕಾಯಿರಿ. ಇಕ್ಕಳದ ಹಲ್ಲಿನ ಗುರುತು ಯಾವ ರಿಪೇರಿಯಿಂದಲೂ ಹೋಗುವುದಿಲ್ಲ. ಸೆಲ್ಯುಲಾಯ್ಡ್ ಹಿಡಿಯ ಬ್ರಷ್‌ನ್ನು ಮುಚ್ಚಿದ ಡಬ್ಬಿಯಲ್ಲಿ ಬೇರೆಯವುಗಳ ಜೊತೆ ಇಡಬೇಡಿ. ಅದು ಹಳಸುವಾಗ ಬಿಡುವ ಆಮ್ಲದ ಆವಿ ಪಕ್ಕದ ಲೋಹವನ್ನು ತಿನ್ನುತ್ತದೆ.

ಕೊನೆಗೆ ಚೀಟಿ ಬರೆಯುವಾಗ ಒಂದೇ ಇಸವಿ ಬರೆಯಬೇಡಿ. ಎರಡು ಗಡಿ ಬರೆಯಿರಿ, ಪಕ್ಕದಲ್ಲಿ ಕಾರಣ ಬರೆಯಿರಿ. ಉದಾಹರಣೆಗೆ: ‘1911ರ ನಂತರದ್ದು, ಮೈಮೇಲಿನ ಕೊನೆಯ ಪೇಟೆಂಟ್ ಆ ವರ್ಷದ್ದು. ಪ್ರಾಯಶಃ 1930ರ ಒಳಗಿನದು, ನಿಕ್ಕಲ್ ಲೇಪ ಮೂಲದ್ದು, ಪೇಟೆಂಟ್ ಸಂಖ್ಯೆ ಎಲ್ಲೂ ಇಲ್ಲ. ಸೂಜಿ ಮತ್ತು ಸೀಲ್ ಬದಲಾಗಿವೆ.’ ‘ಪ್ರಾಯಶಃ’ ಅನ್ನುವ ಪದವನ್ನು ಬಿಡಬೇಡಿ. ಕ್ರೋಮ್ ಬಂದ ಮೇಲೂ ನಿಕ್ಕಲ್ ಹಾಕುವುದು ಒಮ್ಮೆಲೇ ನಿಂತಿರಲಿಲ್ಲ. ಮುಂದೆ ಆ ಬ್ರಷ್ ಕೊಳ್ಳುವವರು ಹೊಸ ದಾಖಲೆ ಸಿಕ್ಕರೆ ನಿಮ್ಮ ಗಡಿಯನ್ನು ಇನ್ನಷ್ಟು ಹತ್ತಿರ ತರಬಹುದು.