ಮನೆ ಬಾಗಿಲಿಂದ ಚಂದ್ರವಳ್ಳಿವರೆಗೆ: ಹಸಿರು ಜಾಲ ಪಾಠದ ಟಿಪ್ಪಣಿ

ನಗರ ಯೋಜನೆಯಲ್ಲಿ ಹಸಿರು ಜಾಲದ, ಅಂದರೆ ಪಾರ್ಕು, ಕೆರೆ, ಕಾಡುಗಳನ್ನು ನಡೆಯುವ ದಾರಿಗಳಿಂದ ಜೋಡಿಸುವ ಪಾಠ ಓದುವಾಗ ನಮ್ಮಲ್ಲಿ ಬಹಳ ಮಂದಿ ಒಂದೇ ಕಡೆ ಎಡವುತ್ತೇವೆ. ಊರಲ್ಲಿ ಹಸಿರು ಎಷ್ಟಿದೆ ಎಂದು ಲೆಕ್ಕ ಹಾಕುತ್ತೇವೆ, ಅಲ್ಲಿಗೆ ನಡೆದು ಹೋಗಲು ಆಗುತ್ತದೆಯೇ ಎಂದು ನೋಡುವುದಿಲ್ಲ. ಚಿತ್ರದುರ್ಗದಲ್ಲಿ ಓದುವವರಿಗೆ ಈ ವ್ಯತ್ಯಾಸ ಬೇಗ ಹೊಳೆಯಬೇಕು. ಕೋಟೆ ಬೆಟ್ಟ, ಅದರ ಮಗ್ಗುಲಲ್ಲಿ ಚಂದ್ರವಳ್ಳಿ ಕೆರೆ, ಆಚೆಗೆ ಕಾಡಿನ ಅಂಚಿನ ಆಡುಮಲ್ಲೇಶ್ವರ, ಜೋಗಿಮಟ್ಟಿ ಕಾಡು. ಮಹಡಿ ಹತ್ತಿದರೆ ಗುಡ್ಡ ಕಾಣುತ್ತದೆ. ಕಂಡದ್ದೆಲ್ಲ ಕಾಲಿಗೆ ಸಿಗುವುದಿಲ್ಲ ಅನ್ನುವುದೇ ಈ ಪಾಠದ ತಿರುಳು.

ಮೊದಲು ಅಳತೆ. 2021ರಲ್ಲಿ ಸೆಸಿಲ್ ಕೊನೈನೆಂಡೈಕ್ ಎಂಬ ನಗರ ಅರಣ್ಯ ತಜ್ಞರು 3-30-300 ಎಂಬ ಸೂತ್ರ ಮುಂದಿಟ್ಟರು. ಪ್ರತಿ ಮನೆಯಿಂದ 3 ಮರ ಕಾಣಬೇಕು, ಬಡಾವಣೆಯ ಶೇ. 30ರಷ್ಟು ಜಾಗದ ಮೇಲೆ ಮರಗಳ ಕೊಂಬೆ-ಎಲೆಗಳ ಹೊದಿಕೆ ಇರಬೇಕು, 300 ಮೀಟರ್ ಒಳಗೆ ಪಾರ್ಕೋ ಹಸಿರು ಜಾಗವೋ ಸಿಗಬೇಕು. ಈ 300 ಮೀಟರನ್ನು ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಅಳೆದರೆ ಮೋಸ ಹೋಗುತ್ತೀರಿ. ಪಾರ್ಕಿನ ಹಿಂದುಗಡೆ ಗೋಡೆಗೆ ಅಂಟಿಕೊಂಡ ಮನೆಯೊಂದನ್ನು ಊಹಿಸಿಕೊಳ್ಳಿ. ಗೋಡೆ ಹತ್ತು ಹೆಜ್ಜೆ ದೂರ. ಆದರೆ ಇರುವುದು ಒಂದೇ ಗೇಟು, ಅದೂ ಮುಂದಿನ ರಸ್ತೆಯ ಕಡೆಗೆ. ಆ ಮನೆಯ ಮಗು ಸುತ್ತು ಹಾಕಿ ಅರ್ಧ ಕಿಲೋಮೀಟರ್ ನಡೆಯಬೇಕು. ಇಂಥ ಕಡೆ ಹೊಸ ಪಾರ್ಕ್ ಬೇಕಿಲ್ಲ, ಹಿಂದೆ ಇನ್ನೊಂದು ಗೇಟು ಇಟ್ಟರೆ ಆಯಿತು.

ನಾನಿದನ್ನು ಪುಸ್ತಕಕ್ಕಿಂತ ಚೆನ್ನಾಗಿ ಕಲಿತದ್ದು ಅಮ್ಮನ ಜೊತೆ. ಒಂದು ಬೆಳಗ್ಗೆ ಹೊಳಲ್ಕೆರೆ ರಸ್ತೆ ಕಡೆಯಿಂದ ಚಂದ್ರವಳ್ಳಿಗೆ ನಡೆದು ಹೋಗೋಣ ಎಂದು ಹೊರಟೆವು. ಅಮ್ಮನಿಗೆ ಮಂಡಿ ನೋವಿದ್ದರೂ ನಡಿಗೆ ಹೊಸದಲ್ಲ. ಚರಂಡಿ ಮೇಲಿನ ಚಪ್ಪಡಿ ಒಂದು ಕಡೆ ಕುಸಿದಿತ್ತು, ರಸ್ತೆಗೆ ಇಳಿದೆವು. ಲಾರಿ ಹಾರನ್ ಹೊಡೆದಾಗ ಅಮ್ಮ ನನ್ನ ತೋಳು ಹಿಡಿದುಕೊಂಡರು. ಮುಂದೆ ಒಂದಷ್ಟು ದೂರ ಒಂದೂ ಮರವಿರಲಿಲ್ಲ. "ನೀನು ಹೋಗಿ ಬಾ, ನಾನು ಇಲ್ಲೇ ಕೂತಿರ್ತೀನಿ" ಎಂದು ಅಂಗಡಿ ಕಟ್ಟೆ ಮೇಲೆ ಕೂತುಬಿಟ್ಟರು. ಅಮ್ಮನನ್ನು ತಡೆದದ್ದು ದೂರವಲ್ಲ, ನಡುವೆ ಹರಿದುಹೋಗಿದ್ದ ದಾರಿ. ಸರಪಳಿಯ ಒಂದು ಕೊಂಡಿ ಕಳಚಿದರೂ ಮುದುಕರಿಗೆ, ಮಕ್ಕಳಿಗೆ ಇಡೀ ಕಾಡೇ ಕೈ ತಪ್ಪುತ್ತದೆ.

ಹಾಗಾದರೆ ಜೋಡಿಸುವ ದಾರಿಯನ್ನು ಎಲ್ಲಿ ಎಳೆಯುವುದು? ನನ್ನ ಮಟ್ಟಿಗೆ ಉತ್ತರ ಒಂದೇ: ನೀರು ಹರಿಯುವ ಕಡೆ. ದುರ್ಗದ ಹಿರಿಯರು ಈ ನಕ್ಷೆಯನ್ನು ಆಗಲೇ ಬರೆದಿಟ್ಟಿದ್ದಾರೆ. ಬೆಟ್ಟದ ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಇಳಿದು ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆಹೊಂಡ. ಕೋಟೆಯ ನೆತ್ತಿಯಿಂದ ಜನವಸತಿಯ ನಡುವಿನವರೆಗೆ ಒಂದೇ ಎಳೆ. ಚಂದ್ರವಳ್ಳಿ ಕೆರೆಯ ಕಥೆ ಇನ್ನೂ ಹಳೆಯದು: ಕದಂಬರ ಮಯೂರಶರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಪ್ರಾಕೃತ ಭಾಷೆಯ ಬಂಡೆ ಶಾಸನ ಹೇಳುತ್ತದೆ. 4ನೇ ಶತಮಾನದ ಆ ಮಾತು ಇವತ್ತಿಗೂ ಕಲ್ಲಿನ ಮೇಲಿದೆ ಅಂದರೆ ಮೈ ಜುಮ್ಮೆನ್ನುತ್ತದೆ.

ನೀರಿನ ದಾರಿ ಯಾಕೆ ಒಳ್ಳೆಯದು ಅನ್ನುವುದಕ್ಕೆ ಕಾರಣಗಳಿವೆ. ಹಳ್ಳ, ಕಾಲುವೆಗಳ ಅಂಚು ಉದ್ದಕ್ಕೆ ತುಂಡಾಗದೆ ಸಾಗುತ್ತದೆ, ಸೈಟ್ ಮಾಡಲು ಬರುವುದಿಲ್ಲ, ಇಳಿಜಾರು ನಿಧಾನವಾಗಿರುತ್ತದೆ, ಬೇರಿಗೆ ತೇವ ಸಿಗುತ್ತದೆ. ಮಳೆ ಕಡಿಮೆಯಿರುವ ನಮ್ಮಂಥ ಬಯಲುಸೀಮೆಯಲ್ಲಿ ಈ ಕೊನೆಯ ಮಾತಿಗೆ ಹೆಚ್ಚು ತೂಕ. ಸಿಂಗಪುರದವರು 1990ರ ದಶಕದಿಂದ ಮಾಡಿದ್ದೂ ಇದನ್ನೇ. ಮಳೆನೀರು ಕಾಲುವೆಗಳ ಪಕ್ಕದಲ್ಲಿ ಮೀಸಲಿಟ್ಟಿದ್ದ ಜಾಗವನ್ನು ಪಾರ್ಕಿನಿಂದ ಪಾರ್ಕಿಗೆ ಹೋಗುವ ದಾರಿ ಮಾಡಿದರು. ಈಗ ಆ ಜಾಲ 300 ಕಿಲೋಮೀಟರಿಗೂ ಮಿಕ್ಕಿದೆ. ಸ್ಪೇನಿನ ವಿಟೋರಿಯಾ-ಗಾಸ್ಟೈಸ್ ಊರಿನ ಸುತ್ತ ಹಾಳುಬಿದ್ದಿದ್ದ ಅಂಚಿನ ಜಾಗಗಳನ್ನು ಸರಿಪಡಿಸಿ ಹಸಿರು ಬಳೆ ಮಾಡಿದರು; ಆ ಊರು 2012ರಲ್ಲಿ 'ಯುರೋಪಿನ ಹಸಿರು ರಾಜಧಾನಿ' ಎಂಬ ಪ್ರಶಸ್ತಿ ಪಡೆಯಿತು. ಮರಗಳ ವಿಷಯದಲ್ಲಿ ಮಾತ್ರ ಅವರನ್ನು ನೋಡಿ ನಕಲು ಮಾಡಬೇಡಿ. ನಮ್ಮ ಬಿಸಿಲಿಗೆ ಹೊಂಗೆ, ಬೇವು, ಆಲ, ಅರಳಿಯೇ ಸರಿ. ಹೊಂಗೆ ನೆರಳು ಏನೆಂದು ಏಪ್ರಿಲ್‌ನಲ್ಲಿ ಬಸ್ಸಿಗೆ ಕಾದವರನ್ನು ಕೇಳಿ.

ಪರೀಕ್ಷೆಯಲ್ಲಿ ಬಹುತೇಕ ಬಿಟ್ಟುಹೋಗುವ ಅಂಶ ಒಂದಿದೆ: ಅಂಚು. ಜೋಗಿಮಟ್ಟಿ ಕರಡಿ, ಚಿರತೆ ಇರುವ ಕಾಡು, ವನ್ಯಜೀವಿ ಧಾಮ. ದೀಪ ಹಾಕಿದ ವಾಕಿಂಗ್ ಪಾತ್ ಅದರ ಹೊಟ್ಟೆಯೊಳಗೆ ಹೋಗಬಾರದು. ಜನರ ದಾರಿ ಆಡುಮಲ್ಲೇಶ್ವರದಂಥ ಹೊಸ್ತಿಲಲ್ಲಿ ನಿಲ್ಲಬೇಕು. ಅದರಾಚೆ ಅರಣ್ಯ ಇಲಾಖೆಯ ನಿಯಮದ ಪ್ರಕಾರವೇ ಪ್ರವೇಶ. ಜೋಡಿಸುವುದು ಎಂದರೆ ಎಲ್ಲ ಬಾಗಿಲನ್ನೂ ತೆರೆದಿಡುವುದಲ್ಲ.

ಕಾನೂನಿನ ಕಡೆಯಿಂದ ನೆನಪಿಡಬೇಕಾದ್ದು ಇಷ್ಟೇ: 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ತಯಾರಾಗುವ ಮಹಾಯೋಜನೆಯಲ್ಲೇ (ಊರಿನ ಮಾಸ್ಟರ್ ಪ್ಲ್ಯಾನ್) ಈ ಹಸಿರು ಗೆರೆ ಇರಬೇಕು. ಬಡಾವಣೆಗೆ ಮಂಜೂರಾತಿ ಸಿಕ್ಕ ಮೇಲೆ ಜಾಗ ಹುಡುಕಿದರೆ ಸಿಗುವುದು ಮೂಲೆಯ ತುಂಡು.

ಮುಂದಿನ ವಾರದೊಳಗೆ ಒಂದು ಅಭ್ಯಾಸ ಮಾಡಿ. ನಿಮ್ಮ ಮನೆಯಿಂದ ಹತ್ತಿರದ ಕೆರೆಗೋ ಗುಡ್ಡಕ್ಕೋ ನಡೆಯಿರಿ, ಸಾಧ್ಯವಾದರೆ ಮನೆಯ ಹಿರಿಯರೊಬ್ಬರ ಜೊತೆ. ಅವರು ರಸ್ತೆಗೆ ಇಳಿದದ್ದೆಲ್ಲಿ, ನೆರಳು ಹುಡುಕಿದ್ದೆಲ್ಲಿ, ಕೂರಲು ಜಾಗ ಕೇಳಿದ್ದೆಲ್ಲಿ ಎಂದು ಮ್ಯಾಪಿನಲ್ಲಿ ಚುಕ್ಕೆ ಇಡಿ. ಅದೇ ಮ್ಯಾಪಿನ ಮೇಲೆ ಮಳೆನೀರು ಹರಿಯುವ ದಾರಿಯನ್ನು ನೀಲಿಯಲ್ಲಿ ಎಳೆಯಿರಿ. ನಾನು ಅಮ್ಮನ ಚುಕ್ಕೆಗಳನ್ನು ಗುರುತು ಮಾಡಿದೆ, ಐದು ಬಂದವು. ಅಂಗಡಿ ಕಟ್ಟೆಯದು ಕೊನೆಯದು.